ಮದುವೆ ಅಲಂಕಾರ: ಚಿತ್ರಕ್ಕಿಂತ ಮೊದಲು ಅಳತೆ ಬೇಕು

ಮಾನ್ಯ ಸಂಪಾದಕರೇ,

ಮದುವೆ ಅಲಂಕಾರದ ಬಗ್ಗೆ ಪತ್ರಿಕೆಗಳಲ್ಲಿ ಬರುವ ಪುಟಗಳಲ್ಲಿ ಮುಗಿದ ಕೆಲಸದ ಚಿತ್ರಗಳೇ ತುಂಬಿರುತ್ತವೆ. ಅಲಂಕಾರ ರೂಪಿಸುವ ಸ್ಟೈಲಿಸ್ಟ್ ಜೊತೆ ಕೂತು ಕೆಲಸ ಮಾಡುವುದು ಹೇಗೆ, ಏನು ಕೇಳಬೇಕು, ಎಲ್ಲಿ ಎಡವಟ್ಟಾಗುತ್ತದೆ ಎಂಬುದು ಬರುವುದು ಅಪರೂಪ. ಹಾಗಾಗಿ ಎಷ್ಟೋ ಜೋಡಿಗಳು ಫೋನಿನಲ್ಲಿ ನೂರಾರು ಚಿತ್ರ ತುಂಬಿಕೊಂಡು ಬರುತ್ತಾರೆ, ‘ನಮಗೂ ಹೀಗೇ ಬೇಕು’ ಎನ್ನುತ್ತಾರೆ. ಕೊನೆಗೆ ಕೈಗೆ ಸಿಗುವುದು ಇನ್ಯಾರದೋ ಮದುವೆಯ ನಕಲು. ಈ ಕೆಲಸದಲ್ಲಿರುವ ನಾವು ಓದುಗರಿಗೆ ಹೇಳಬೇಕೆಂದಿರುವುದು ಇಷ್ಟು: ನಿಮ್ಮದೇ ಎನಿಸುವ ಮದುವೆಯ ಅರ್ಧ ಕೆಲಸ ಮೊದಲ ಎರಡು ಭೇಟಿಗಳಲ್ಲೇ ಆಗಿಹೋಗುತ್ತದೆ. ಒಂದರಲ್ಲಿ ಸ್ಟೈಲಿಸ್ಟ್ ನಿಮ್ಮನ್ನು ಪ್ರಶ್ನೆ ಕೇಳುತ್ತಾರೆ, ಇನ್ನೊಂದರಲ್ಲಿ ಜಾಗವನ್ನು ಅಳೆಯುತ್ತಾರೆ. ಇವೆರಡನ್ನೂ ಮಾಡದೆ ನೇರವಾಗಿ ಹೂವಿನ ಮಾತಿಗೆ ಬರುವವರ ಹತ್ತಿರ ಮುಂಗಡ ಕೊಡಬೇಡಿ.

ಯಾರ ಕೆಲಸ ಯಾವುದು ಎಂಬುದು ಮೊದಲೇ ತಿಳಿದಿರಲಿ. ವೇಳಾಪಟ್ಟಿ, ಬುಕಿಂಗ್, ವಾಹನ, ಅತಿಥಿಗಳ ಓಡಾಟ ಪ್ಲಾನರ್ ಪಾಲಿನದು. ಬಣ್ಣ, ಬಟ್ಟೆ, ಹೂ, ಬೆಳಕು, ಮೇಜು, ಅಚ್ಚಿನ ಕಾಗದ ಒಂದಕ್ಕೊಂದು ಹೊಂದಿಕೊಳ್ಳುವಂತೆ ನೋಡಿಕೊಳ್ಳುವುದು ಸ್ಟೈಲಿಸ್ಟ್ ಕೆಲಸ. ಅದನ್ನು ಕಟ್ಟಿ ನಿಲ್ಲಿಸುವವರು ಡೆಕೊರೇಟರ್ ಮತ್ತು ಹೂವಿನವರು. ಒಬ್ಬರೇ ಮೂರನ್ನೂ ಮಾಡಿದರೂ ತಪ್ಪಿಲ್ಲ. ಆದರೆ ಮದುವೆಯ ದಿನ ಬೆಳಿಗ್ಗೆ ಕುರ್ಚಿ ಕಡಿಮೆ ಬಿದ್ದರೆ ಯಾರಿಗೆ ಫೋನ್ ಮಾಡಬೇಕು ಎಂದು ಕೇಳಿದಾಗ ಒಂದು ಹೆಸರು ಸಿಗಬೇಕು. ಸಿಗಲಿಲ್ಲ ಎಂದರೆ ಆ ಕೆಲಸ ಯಾರ ತಲೆಯ ಮೇಲೂ ಇಲ್ಲ.

ಮೊದಲ ಭೇಟಿಗೆ 15–20 ಚಿತ್ರ ಸಾಕು. ಪ್ರತಿ ಚಿತ್ರದ ಕೆಳಗೆ ನಿಮಗೆ ಹಿಡಿಸಿದ್ದೇನು ಎಂದು ಒಂದೊಂದು ಸಾಲು ಬರೆಯಿರಿ. ಬರೆಯಲು ಕೂತಾಗ, ಇಷ್ಟವಾದದ್ದು ಹೂವಿನ ರಾಶಿಯಲ್ಲ, ಕಿಟಕಿಯಿಂದ ಬಿದ್ದ ಸಂಜೆಬೆಳಕು ಅಥವಾ ಸುಮ್ಮನೆ ಖಾಲಿ ಬಿಟ್ಟ ಗೋಡೆ ಎಂಬುದು ಎಷ್ಟೋ ಜನರಿಗೆ ಆಗಲೇ ಹೊಳೆಯುತ್ತದೆ. ಬೇಡದ್ದರ ಪಟ್ಟಿಯನ್ನೂ ಕೊಡಿ. ಸ್ಟೈಲಿಸ್ಟ್‌ಗೆ ಅದರಿಂದ ಇನ್ನೂ ಹೆಚ್ಚು ಉಪಯೋಗ. ಅಂತರ್ಜಾಲದಲ್ಲಿ ಕಾಣುವ ಅನೇಕ ಚಿತ್ರಗಳು ಫೋಟೊ ತೆಗೆಯಲೆಂದೇ ಜೋಡಿಸಿದವು ಎಂಬುದು ನೆನಪಿರಲಿ. ಅಲ್ಲಿ ಇರುವುದು ಒಂದೇ ಮೇಜು, ಅದರ ಮೇಲೆ ಊಟದ ತಟ್ಟೆ ಇಡಲೂ ಜಾಗವಿರುವುದಿಲ್ಲ. ಅದನ್ನೇ 30 ಮೇಜುಗಳಿಗೆ ಮಾಡಿ, ನಾಲ್ಕು ಗಂಟೆಯಲ್ಲಿ ಮುಗಿಸಿ ಎಂದರೆ ಆಗದ ಮಾತು. ಮದುವೆ ಪುಟಗಳಲ್ಲಿ ಚಿತ್ರದ ಜೊತೆಗೆ ಜಾಗದ ಅಳತೆ, ಬಂದವರ ಸಂಖ್ಯೆ, ಕಟ್ಟಲು ಹಿಡಿದ ಗಂಟೆಗಳನ್ನು ಪತ್ರಿಕೆಯವರು ಒಂದು ಸಾಲಿನಲ್ಲಿ ಕೊಟ್ಟರೆ ಓದುಗರಿಗೆ ದೊಡ್ಡ ಉಪಕಾರ.

ಬಣ್ಣದ ಬಗ್ಗೆ ಬಾಯಿಮಾತು ಬೇಡ, ಬಟ್ಟೆಯ ತುಂಡು ಕೊಡಿ. ಒಂದು ಮುಖ್ಯ ಬಣ್ಣ ಶೇ 60, ಅದಕ್ಕೆ ಜೊತೆಯಾಗುವುದು ಶೇ 30, ಎದ್ದು ಕಾಣಬೇಕಾದದ್ದು ಶೇ 10 ಎಂಬುದು ಒಳಾಂಗಣ ವಿನ್ಯಾಸದಲ್ಲಿ ಬಳಕೆಯಲ್ಲಿರುವ ಲೆಕ್ಕ, ಮದುವೆಗೂ ಒಗ್ಗುತ್ತದೆ. ಈ ಲೆಕ್ಕದಲ್ಲಿ ನೆಲಹಾಸು, ಕುರ್ಚಿ, ಗೋಡೆ, ಪರದೆಗಳನ್ನೂ ಸೇರಿಸಬೇಕು. ತಿಳಿ ಬೂದು ಬಣ್ಣದ ವಿನ್ಯಾಸವೆಲ್ಲ ಒಪ್ಪಿಗೆಯಾದ ಮೇಲೆ ಸಭಾಂಗಣದ ಕಡುಗೆಂಪು ಕಾರ್ಪೆಟ್ ಕಣ್ಣಿಗೆ ಬಿದ್ದರೆ ಮಾಡುವುದೇನು?

ಇನ್ನು ‘ನಮ್ಮತನ’ ತರುವ ವಿಷಯ. ಇಬ್ಬರ ಹೆಸರಿನ ಮೊದಲಕ್ಷರಗಳನ್ನು ಕರವಸ್ತ್ರದಿಂದ ಹಿಡಿದು ನೀರಿನ ಬಾಟಲಿಯವರೆಗೆ ಮುದ್ರಿಸಿದ ಮಾತ್ರಕ್ಕೆ ಮದುವೆ ನಿಮ್ಮದಾಗುವುದಿಲ್ಲ. ಎರಡೋ ಮೂರೋ ನಿಜವಾದ ಸಂಗತಿಗಳನ್ನು ಆರಿಸಿ, ಅವನ್ನು ಗಟ್ಟಿಯಾಗಿ ಮಾಡಿ. ಅಜ್ಜಿಯ ಕೈಬರಹ ಸಿಕ್ಕರೆ 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕೆಯ ಸ್ಪಷ್ಟತೆಯಲ್ಲಿ) ಸ್ಕ್ಯಾನ್ ಮಾಡಿಸಿ ಮೇಜಿನ ಹೆಸರುಗಳಿಗೆ ಬಳಸಬಹುದು. ಹಳೆಯ ಫೋಟೊಗಳ ಪ್ರತಿಯನ್ನು ಮಾತ್ರ ಹೊರಗಿಡಿ, ಮೂಲ ಮನೆಯಲ್ಲೇ ಇರಲಿ. ಮನೆತನದ ಹಳೆಯ ಬಟ್ಟೆಯನ್ನು ಹಿನ್ನೆಲೆಗೆ ತೂಗುಹಾಕುವುದಾದರೆ ಅದಕ್ಕೆ ಪಿನ್ನು ಚುಚ್ಚಬಾರದು. ಒಂದು ಹತ್ತಿ ಬಟ್ಟೆಯ ಮೇಲೆ ಸಡಿಲವಾಗಿ ಟಾಕಿ ಹಾಕಿ, ಭಾರವೆಲ್ಲ ಆ ಹತ್ತಿ ಬಟ್ಟೆಯ ಮೇಲೆ ಬೀಳುವಂತೆ ನೋಡಿಕೊಳ್ಳಬೇಕು. ನೇರ ಬಿಸಿಲು ಬೀಳುವಲ್ಲಿ ಅದು ಬೇಡವೇ ಬೇಡ.

ಜಾಗ ನೋಡುವ ಭೇಟಿಗೆ ಮದುವೆ ನಡೆಯುವ ಹೊತ್ತಿಗೇ ಹೋಗಿ. ಸಂಜೆ 6ರ ಕಾರ್ಯಕ್ರಮಕ್ಕೆ ಬೆಳಿಗ್ಗೆ 11ಕ್ಕೆ ಜಾಗ ನೋಡಿ ಬಂದರೆ ಬೆಳಕಿನ ಲೆಕ್ಕವೆಲ್ಲ ತಪ್ಪುತ್ತದೆ. ಛಾವಣಿಯ ಎತ್ತರ, ಬಾಗಿಲು ಮತ್ತು ಲಿಫ್ಟಿನ ಅಗಲ, ಪ್ಲಗ್ ಪಾಯಿಂಟ್‌ಗಳ ಜಾಗ, ಒಟ್ಟು ವಿದ್ಯುತ್ ಲೋಡ್, ತೂಗುಹಾಕಲು ಕೊಕ್ಕೆಗಳಿವೆಯೇ, ಅವು ಎಷ್ಟು ಭಾರ ತಡೆಯುತ್ತವೆ ಎಂಬುದನ್ನೆಲ್ಲ ಬರೆದುಕೊಳ್ಳಬೇಕು. 10 ಅಡಿ ಅಗಲದ ಚೌಕಟ್ಟು 6 ಅಡಿಯ ಬಾಗಿಲಲ್ಲಿ ಒಳಗೆ ಬರುವುದಿಲ್ಲ. ತುಂಡುಗಳಾಗಿ ಮಾಡಿಸಬೇಕೆಂಬುದು ಬಡಗಿಗೆ ಮೊದಲೇ ಗೊತ್ತಿರಬೇಕು. ಮೊಳೆ, ಟೇಪು, ಮೇಣದಬತ್ತಿ, ಹೊಗೆಯಂತ್ರಕ್ಕೆ ಅನುಮತಿ ಇದೆಯೇ ಎಂದು ಲಿಖಿತವಾಗಿ ಕೇಳಿ. ಹೊಗೆಯಂತ್ರದಿಂದ ಬೆಂಕಿಯ ಅಲಾರಂ ಹೊಡೆದುಕೊಂಡು ಕಾರ್ಯಕ್ರಮ ಅರ್ಧಕ್ಕೇ ನಿಲ್ಲಬಹುದು. ಕೀಲಿ ಕೈಗೆ ಸಿಗುವುದು ಎಷ್ಟು ಗಂಟೆಗೆ, ಜಾಗ ಬಿಟ್ಟುಕೊಡಬೇಕಾದ್ದು ಎಷ್ಟು ಗಂಟೆಗೆ ಎಂಬ ಎರಡು ಸಮಯಗಳೇ ವಿನ್ಯಾಸ ಎಷ್ಟು ದೊಡ್ಡದಿರಬಹುದು ಎಂಬುದನ್ನು ತೀರ್ಮಾನಿಸುತ್ತವೆ. ಬಯಲಿನಲ್ಲಾದರೆ ಗಾಳಿಯ ಲೆಕ್ಕವೂ ಬೇಕು. ಬಟ್ಟೆ ಬಿಗಿದ ಹಿನ್ನೆಲೆ ಗಾಳಿಗೆ ಹಾಯಿಯಂತೆ ಉಬ್ಬಿ ಮುಂದಕ್ಕೆ ಉರುಳುತ್ತದೆ. ಎರಡೂ ಕಾಲಿಗೆ ಮರಳಿನ ಚೀಲ, ಹಿಂದಕ್ಕೆ ಓರೆ ಆಸರೆ ಇಲ್ಲದೆ ಅದನ್ನು ನಿಲ್ಲಿಸಬಾರದು. ಗಾಲಿಕುರ್ಚಿಯಲ್ಲಿ ಬರುವವರಿಗೆ ಕನಿಷ್ಠ 90 ಸೆಂ.ಮೀ. ದಾರಿ ಬಿಡಿ. ವೇದಿಕೆಗೆ ಇಳಿಜಾರು ಮಾಡಿಸುವುದಾದರೆ 1 ಅಡಿ ಎತ್ತರಕ್ಕೆ 12 ಅಡಿ ಉದ್ದ ಬೇಕು. ಹಲಗೆ ಒರಗಿಸಿ ಕೈತೊಳೆದುಕೊಳ್ಳುವುದು ಅಪಾಯ.

ಬಹುಪಾಲು ಮದುವೆಗಳು ಸೊರಗುವುದು ಬೆಳಕಿನಲ್ಲಿ. ಹೂವಿಗೆ ಸುರಿದ ಹಣದ ಸಣ್ಣ ಪಾಲನ್ನು ಇಲ್ಲಿಗೆ ತಿರುಗಿಸಿದರೂ ಇಡೀ ಜಾಗದ ಕಳೆ ಬದಲಾಗುತ್ತದೆ. ಬೆಚ್ಚನೆಯ ಬೆಳಕಿಗೆ 2700ರಿಂದ 3000 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ದೀಪ ಆಯ್ದುಕೊಳ್ಳಿ. ಅದರ ಪಕ್ಕದಲ್ಲೇ ಸಭಾಂಗಣದ 6500 ಕೆಲ್ವಿನ್ ಬಿಳಿ ಟ್ಯೂಬ್‌ಲೈಟ್ ಉರಿಯುತ್ತಿದ್ದರೆ ಮುಖದ ಒಂದು ಬದಿ ಹಳದಿ, ಇನ್ನೊಂದು ಬದಿ ನೀಲಿ ಕಾಣುತ್ತದೆ. ಕ್ಯಾಮೆರಾ ಎರಡನ್ನೂ ಒಟ್ಟಿಗೆ ಸರಿಪಡಿಸಲಾರದು. ಆ ಟ್ಯೂಬ್‌ಲೈಟ್‌ಗಳನ್ನು ಪ್ರತ್ಯೇಕವಾಗಿ ಆರಿಸಲು ಸ್ವಿಚ್ ಇದೆಯೇ ನೋಡಿ. ಜನರ ಮೇಲೆ ಬೀಳುವ ದೀಪದ ಸಿಆರ್‌ಐ (ಬಣ್ಣಗಳು ಎಷ್ಟು ಸಹಜವಾಗಿ ಕಾಣುತ್ತವೆ ಎಂಬುದರ ಅಳತೆ) 90ಕ್ಕಿಂತ ಹೆಚ್ಚಿರಲಿ, ಇಲ್ಲವಾದರೆ ಚರ್ಮ ಬೂದಿ ಬಳಿದಂತೆ ಕಾಣುತ್ತದೆ, ಬಟ್ಟೆಯ ಬಣ್ಣವೂ ಮಂಕಾಗುತ್ತದೆ. ನೇರಳೆ, ನೀಲಿ ಎಲ್‌ಇಡಿ ಗೋಡೆಗೆ ಇರಲಿ, ಮುಖಕ್ಕೆ ಬೇಡ. ಬರೀ ನೆತ್ತಿಯ ಮೇಲಿನಿಂದ ಬೆಳಕು ಬಿದ್ದರೆ ಕಣ್ಣಿನ ಕೆಳಗೆ ಕಪ್ಪು ನೆರಳು ಕೂರುತ್ತದೆ. ಎದುರಿನಿಂದ, ಎರಡೂ ಬದಿಯಿಂದ ಸುಮಾರು 45 ಡಿಗ್ರಿ ಓರೆಯಲ್ಲಿ ಮೃದುವಾದ ಬೆಳಕು ಬೇಕು. ಅಗ್ಗದ ಎಲ್‌ಇಡಿಗಳನ್ನು ಡಿಮ್ ಮಾಡಿದಾಗ ಕಣ್ಣಿಗೆ ಕಾಣದ ಮಿನುಗು ಶುರುವಾಗಿ ವಿಡಿಯೊದಲ್ಲಿ ಪಟ್ಟೆಗಳು ಓಡುತ್ತವೆ. ಇದನ್ನು ಪರೀಕ್ಷಿಸುವುದು ಸುಲಭ: ದೀಪ ಡಿಮ್ ಮಾಡಿ, ಫೋನಿನ ಸ್ಲೋ ಮೋಷನ್‌ನಲ್ಲಿ ಚಿತ್ರೀಕರಿಸಿ ನೋಡಿ. ವೇದಿಕೆಯ ಹಿಂದೆ ಕಿಟಕಿ ಇದ್ದರೆ ಹಗಲಿನಲ್ಲಿ ವಧೂವರರ ಮುಖ ಕಪ್ಪಾಗುತ್ತದೆ. ಅಂಥ ಕಡೆ ವೇದಿಕೆಯನ್ನೇ ಬೇರೆ ಗೋಡೆಗೆ ಸರಿಸುವುದು ಲೇಸು.

ಮೇಜಿನ ಲೆಕ್ಕ ಸರಳ, ಆದರೂ ತಪ್ಪುವುದು ಅದೇ. ಒಬ್ಬರಿಗೆ ಸುಮಾರು 60 ಸೆಂ.ಮೀ. ಅಂಚು ಬೇಕು. 5 ಅಡಿಯ ದುಂಡು ಮೇಜಿಗೆ 8 ಜನ ಆರಾಮ, 10 ಜನ ಇಕ್ಕಟ್ಟು. 6 ಅಡಿಯದಕ್ಕೆ 10 ಜನ ಸರಿ. ಕುರ್ಚಿಗಳು ಬೆನ್ನಿಗೆ ಬೆನ್ನು ಮಾಡಿ ನಿಲ್ಲುವಲ್ಲಿ ಎರಡು ಮೇಜುಗಳ ಅಂಚಿನ ನಡುವೆ 5 ಅಡಿಯಾದರೂ ಇಲ್ಲದಿದ್ದರೆ ಬಡಿಸುವವರು ನಡೆಯಲಾರರು. ನೆಲ ಮುಟ್ಟುವ ಹೊದಿಕೆ ಬೇಕಿದ್ದರೆ ಮೇಜಿನ ವ್ಯಾಸಕ್ಕೆ ಎತ್ತರವನ್ನು ಎರಡು ಸಲ ಕೂಡಿಸಿ: 60 ಇಂಚಿನ ಮೇಜು, 30 ಇಂಚು ಎತ್ತರ ಎಂದರೆ 120 ಇಂಚಿನ ಬಟ್ಟೆ. ನಡುವಿನ ಹೂವು 30 ಸೆಂ.ಮೀ.ಗಿಂತ ಕೆಳಗಿರಬೇಕು ಅಥವಾ ತೆಳುವಾದ ಕಾಂಡದ ಸ್ಟ್ಯಾಂಡಿನ ಮೇಲೆ 60 ಸೆಂ.ಮೀ.ಗಿಂತ ಮೇಲಿರಬೇಕು. ನಡುಮಧ್ಯದ ಎತ್ತರದಲ್ಲಿಟ್ಟರೆ ಎದುರಿನವರ ಮುಖ ಕಾಣದೆ ಅತಿಥಿಗಳೇ ಅದನ್ನು ಎತ್ತಿ ನೆಲದ ಮೇಲಿಡುತ್ತಾರೆ.

ಹೂವಿನ ವಿಷಯದಲ್ಲಿ ಜಾತಿಯ ಹೆಸರಿಗೆ ಜೋತುಬೀಳದೆ ಬಣ್ಣ, ಗಾತ್ರ, ಆಕಾರವನ್ನು ಒಪ್ಪಂದದಲ್ಲಿ ಬರೆಸಿ, ಬದಲಿ ಹೂ ಯಾವುದೆಂದೂ ಬರೆಸಿ. ಆ ವಾರ ಮಾರುಕಟ್ಟೆಗೆ ಆ ಹೂ ಬಾರದೇ ಹೋದರೆ ಏನು ಬರುತ್ತದೆ ಎಂಬುದು ನಿಮಗೆ ಮೊದಲೇ ಗೊತ್ತಿರಬೇಕು. ಮೊಗ್ಗಾಗಿ ಬರುವ ಗುಲಾಬಿ ಪೂರ್ತಿ ಅರಳಲು ಒಂದೆರಡು ದಿನ ಬೇಕು. ಹಿಂದಿನ ರಾತ್ರಿ ತರಿಸಿದರೆ ಫೋಟೊದಲ್ಲಿ ಬರೀ ಮೊಗ್ಗುಗಳೇ. ದಂಟನ್ನು ಓರೆಯಾಗಿ ಕತ್ತರಿಸಿ, ನೀರಿನೊಳಗೆ ಮುಳುಗುವ ಎಲೆಗಳನ್ನು ಕಿತ್ತು, ತಂಪು ಕೋಣೆಯಲ್ಲಿ ರಾತ್ರಿಯಿಡೀ ನೀರು ಕುಡಿಸಬೇಕು. ಹೈಡ್ರೇಂಜಿಯಾ ಬಾಡಿದರೆ ಎಸೆಯಬೇಡಿ, ಗೊಂಚಲನ್ನೇ ಅರ್ಧ ಗಂಟೆ ನೀರಿನಲ್ಲಿ ಮುಳುಗಿಸಿಟ್ಟರೆ ಹೆಚ್ಚಾಗಿ ಚೇತರಿಸಿಕೊಳ್ಳುತ್ತದೆ. ಲಿಲ್ಲಿ ಬಿರಿಯುತ್ತಿದ್ದಂತೆ ಪರಾಗದ ಚೀಲಗಳನ್ನು ಕಿತ್ತುಹಾಕಿ; ಬಟ್ಟೆಗೆ ಪರಾಗ ತಾಗಿದರೆ ನೀರು ಹಾಕಿ ಉಜ್ಜದೆ ಅಂಟುಟೇಪಿನಿಂದ ಎತ್ತಿ ತೆಗೆಯಿರಿ. ಹಣ್ಣಿನ ಬುಟ್ಟಿಗಳ ಪಕ್ಕ ಕಾರ್ನೇಷನ್ ಇಡಬೇಡಿ. ಮಾಗುವ ಹಣ್ಣು ಬಿಡುವ ಎಥಿಲೀನ್ ಅನಿಲಕ್ಕೆ ಅದು ಬೇಗ ಮುದುಡುತ್ತದೆ. ಹೂ ಚುಚ್ಚುವ ಹಸಿರು ಫೋಮನ್ನು ನೀರಿನೊಳಕ್ಕೆ ಒತ್ತಿದರೆ ನಡುವೆ ಒಣಗಿದ ಭಾಗ ಉಳಿದು ಅಲ್ಲಿ ಚುಚ್ಚಿದ ಹೂ ಮೊದಲು ಬಾಡುತ್ತದೆ. ಅದು ತಾನಾಗಿ ಮುಳುಗಬೇಕು. ಆದರೆ ಅದು ಪ್ಲಾಸ್ಟಿಕ್, ಕರಗುವುದಿಲ್ಲ, ಪುಡಿಯಾಗಿ ಚರಂಡಿಗೆ ಸೇರುತ್ತದೆ. ಸಾಧ್ಯವಿದ್ದಲ್ಲೆಲ್ಲ ಸುರುಳಿ ಸುತ್ತಿದ ತಂತಿಬಲೆ ಮತ್ತು ನೀರಿನ ಪಾತ್ರೆಯಲ್ಲೇ ಮಾಡಿಕೊಡಿ ಎಂದು ಒತ್ತಾಯಿಸಿ.

ಆಮಂತ್ರಣ, ಫಲಕಗಳ ಬಣ್ಣವನ್ನು ಪರದೆಯ ಮೇಲೆ ನೋಡಿ ಒಪ್ಪಬೇಡಿ, ಕಾಗದದ ಮೇಲೆ ಅಚ್ಚು ಹಾಕಿಸಿ ನೋಡಿ. ಕಡುಬಣ್ಣದ ಕಾಗದದ ಮೇಲೆ ಬಿಳಿ ಅಕ್ಷರ ಬೇಕಿದ್ದರೆ ಬಿಳಿ ಶಾಯಿಯ ಯಂತ್ರವಿದೆಯೇ ಕೇಳಿ. ದೂರದಿಂದ ಓದುವ ಫಲಕದಲ್ಲಿ ಪ್ರತಿ 10 ಅಡಿಗೆ 1 ಇಂಚು ಎತ್ತರದ ಅಕ್ಷರ. ಆಸನದ ಪಟ್ಟಿ ಮೇಜಿನ ಸಂಖ್ಯೆಯ ಬದಲು ಹೆಸರಿನ ಅಕಾರಾದಿಯಲ್ಲಿರಲಿ, ಬಾಗಿಲಿಗೆ ಅಂಟಿಕೊಂಡಿರದೆ ಸ್ವಲ್ಪ ಒಳಗಿರಲಿ.

ಶುಲ್ಕ ಮೂರು ಬಗೆ: ನಿಗದಿತ ಮೊತ್ತ, ಗಂಟೆ ಲೆಕ್ಕ, ಒಟ್ಟು ಖರ್ಚಿನ ಶೇಕಡಾವಾರು. ಮೂರನೆಯದರಲ್ಲಿ ಖರ್ಚು ಏರಿದಷ್ಟೂ ಸ್ಟೈಲಿಸ್ಟ್‌ಗೆ ಲಾಭ. ಅದನ್ನು ಒಪ್ಪುವುದಾದರೆ ಗರಿಷ್ಠ ಮಿತಿ ಬರೆಸಿ. ಮಾರಾಟಗಾರರಿಂದ ಕಮಿಷನ್ ಪಡೆಯುತ್ತೀರಾ ಎಂದು ನೇರವಾಗಿ ಕೇಳಿ. ಪ್ರಾಮಾಣಿಕರು ಈ ಪ್ರಶ್ನೆಗೆ ಬೇಸರಪಡುವುದಿಲ್ಲ. ವಿನ್ಯಾಸವನ್ನು ಎಷ್ಟು ಸಲ ತಿದ್ದಿಕೊಡುತ್ತಾರೆ, ಒಡೆದ ಸಾಮಾನಿಗೆ ಯಾರು ಹೊಣೆ, ದಿನಾಂಕ ಮುಂದೆ ಹೋದರೆ ಹಣದ ಗತಿಯೇನು ಎಂಬುದೂ ಒಪ್ಪಂದದಲ್ಲಿರಲಿ. ಹಣವನ್ನು ಕೆಲಸದ ಹಂತಕ್ಕೆ ತಕ್ಕಂತೆ ಕಂತಿನಲ್ಲಿ ಕೊಡಿ, ಒಟ್ಟು ಅಂದಾಜಿನ ಶೇ 10 ಕೈಯಲ್ಲೇ ಇರಲಿ.

ಎಂಟು ತಿಂಗಳು ಮೊದಲೇ ಶುರುಮಾಡಿದರೆ ಉಸಿರಾಡಲು ಸಮಯವಿರುತ್ತದೆ. ಮೂರು ತಿಂಗಳಿರುವಾಗ ಅದೇ ಜಾಗದಲ್ಲಿ, ಅದೇ ಹೊತ್ತಿನಲ್ಲಿ ಒಂದು ಮೇಜನ್ನು ಪೂರ್ತಿಯಾಗಿ ಹಾಕಿಸಿ ನೋಡಿ: ಹೊದಿಕೆ, ತಟ್ಟೆ, ಲೋಟ, ಹೂ, ದೀಪ, ಕುರ್ಚಿ ಎಲ್ಲ ಸೇರಿ. ನಿಂತು ನೋಡಿದರೆ ಸಾಲದು, ಕೂತು ನೋಡಿ. ಈ ಮಾದರಿಗೆ ಬೇರೆ ಹಣ ಕೇಳಿದರೂ ಕೊಡಿ. ಇಲ್ಲಿ ಕಂಡ ತಪ್ಪು 30 ಮೇಜಿನಲ್ಲಿ ಕಾಣುವುದು ತಪ್ಪುತ್ತದೆ. ಅತಿಥಿಗಳ ಸಂಖ್ಯೆ ಅಂತಿಮವಾದ ಮೇಲೆ ಆಸನದ ನಕ್ಷೆ, ಎರಡು ವಾರ ಮೊದಲು ಗಂಟೆವಾರು ಪಟ್ಟಿ ಎಲ್ಲರ ಕೈಗೂ ಸೇರಲಿ.

ವೇದಿಕೆಯ ಹೂಗಳನ್ನೇ ಊಟದ ಜಾಗಕ್ಕೆ ಸಾಗಿಸಿ ಮತ್ತೆ ಬಳಸುವ ಉಪಾಯ ಚೆನ್ನಾಗಿದೆ, ಆದರೆ ಕಾಗದದ ಮೇಲೆ ಕಾಣುವಷ್ಟು ಸುಲಭವಲ್ಲ. ಎಷ್ಟು ಜನ ಎತ್ತುತ್ತಾರೆ, ಯಾವ ಬಾಗಿಲಿನಿಂದ, ಎಷ್ಟು ನಿಮಿಷದಲ್ಲಿ, ಅಷ್ಟು ಹೊತ್ತು ಅತಿಥಿಗಳು ಎಲ್ಲಿರುತ್ತಾರೆ ಎಂಬುದಕ್ಕೆ ಉತ್ತರವಿದ್ದರೆ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ. ಕಳಚುವ ಕೆಲಸಕ್ಕೂ ಕಟ್ಟುವಷ್ಟೇ ಸ್ಪಷ್ಟವಾದ ಪಟ್ಟಿ ಬೇಕು. ಮನೆಯಿಂದ ತಂದ ಫೋಟೊ, ಬಟ್ಟೆ, ಪತ್ರಗಳನ್ನು ಮೊದಲು ತೆಗೆದು ಒಂದೇ ಪೆಟ್ಟಿಗೆಗೆ ತುಂಬಲು ಮನೆಯ ಒಬ್ಬರನ್ನು ಹೆಸರಿಟ್ಟು ನೇಮಿಸಿ, ಆ ಪೆಟ್ಟಿಗೆ ಬಾಡಿಗೆ ಸಾಮಾನಿನ ಲಾರಿ ಹತ್ತದಂತೆ ನೋಡಿಕೊಳ್ಳಲಿ. ಬಾಡಿಗೆ ಸಾಮಾನುಗಳ ಫೋಟೊವನ್ನು ಬರುವಾಗೊಮ್ಮೆ, ಹೋಗುವಾಗೊಮ್ಮೆ ತೆಗೆದಿಟ್ಟುಕೊಂಡರೆ ಠೇವಣಿ ಹಿಂದಿರುಗುವಾಗ ತಕರಾರು ಬರುವುದಿಲ್ಲ.

ಇಂತಿ,
ಮದುವೆ ವಿನ್ಯಾಸದ ಕೆಲಸದಲ್ಲಿರುವ ಓದುಗರು