ಡಚ್ ಸಮಾಸಪದಗಳನ್ನು ಬಿಡಿಸುವ ಬಗೆ

ಮಾನ್ಯ ಸಂಪಾದಕರೇ,

ಡಚ್ ಭಾಷೆಯ ಉದ್ದನೆಯ ಸಮಾಸಪದಗಳನ್ನು ಸಾಲಿನ ಕೊನೆಯಲ್ಲಿ ಒಡೆಯುವಾಗ ಉಚ್ಚಾರಣೆಯೊಂದನ್ನೇ ನೆಚ್ಚದೆ, ಘಟಕಪದಗಳು ಕೂಡುವ ಜಾಗವನ್ನು ಮೊದಲು ಗುರುತಿಸಬೇಕೆಂಬುದನ್ನು ಕಲಿಕೆಯ ಕೈಪಿಡಿಗಳು ಒತ್ತಿ ಹೇಳಬೇಕು. ‘ಕ್ವಾರ್ಟ್ಸ್ಲಾಗೆನ್’ ಎಂಬುದನ್ನು ‘ಕ್ವಾರ್ಟ್-ಸ್ಲಾಗೆನ್’ ಎಂದು ಬಿಡಿಸಿದರೆ ಕಾಲು ಸುತ್ತುಗಳು, ‘ಕ್ವಾರ್ಟ್ಸ್-ಲಾಗೆನ್’ ಎಂದು ಬಿಡಿಸಿದರೆ ಕ್ವಾರ್ಟ್ಸ್ ಖನಿಜದ ಪದರಗಳು. ಎರಡರಲ್ಲೂ ಒತ್ತು ಮೊದಲ ಘಟಕದ ಮೇಲೆಯೇ ಬೀಳುವುದರಿಂದ ಕಿವಿ ಇಲ್ಲಿ ಹೆಚ್ಚು ನೆರವಾಗದು.

ಸಂಚಾರ ಫಲಕವೆಂಬ ಅರ್ಥದ ‘ಫೆರ್‌ಕೇರ್ಸ್‌ಬೋರ್ಟ್’ನಲ್ಲಿ ಎರಡು ಘಟಕಗಳನ್ನು ಬೆಸೆಯುವ ‘ಸ್’ ಹಿಂದಿನ ಘಟಕಕ್ಕೇ ಸೇರುತ್ತದೆ. ಆ ಘಟಕ ಬಿಡಿಯಾಗಿದ್ದಾಗ ‘ಕೇರ್’ ಮೇಲಿದ್ದ ಒತ್ತು ಸಮಾಸದಲ್ಲೂ ಅಲ್ಲಿಯೇ ಉಳಿಯುವುದರಿಂದ, ಮೊದಲ ಉಚ್ಚಾರಾಂಶಕ್ಕೇ ಒತ್ತು ಕೊಡಬೇಕೆಂಬ ಸುಲಭಸೂತ್ರ ದಾರಿ ತಪ್ಪಿಸುತ್ತದೆ. ಪುರಭವನವೆಂಬ ಅರ್ಥದ ‘ಸ್ಟಟ್‌ಹೊಯ್ಸ್’ ಎರಡನೆಯ ಘಟಕಕ್ಕೆ ಒತ್ತು ಕೊಡುತ್ತದೆ. ಇಂತಹ ಅಪವಾದಗಳನ್ನು ನಿಘಂಟು ನೋಡಿಯೇ ಕಲಿಯಬೇಕು.

ಇತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ