22 ರಿಂಗಿಟ್ಟಿನ ಊಟ

ಕ್ವಾಲಾಲಂಪುರದ ಕನ್ನಡಿಗರಿಗೆ ಮಸ್ಜಿದ್ ಇಂಡಿಯಾ ಬೀದಿಯ ದಾರಿಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಹಬ್ಬಕ್ಕೆ ಸೀರೆ, ಪೂಜೆಗೆ ಹೂವು, ಮಕ್ಕಳ ನೃತ್ಯಕ್ಕೆ ಗೆಜ್ಜೆ ಎಂದು ವರ್ಷದಲ್ಲಿ ಹತ್ತಾರು ಸಲ ಅಲ್ಲಿಗೆ ಹೋಗುತ್ತೇವೆ, ಬೆವರು ಸುರಿಸಿ ಚೌಕಾಸಿ ಮಾಡುತ್ತೇವೆ, ಹಸಿವಾದಾಗ ಬಾಳೆಲೆ ಊಟದ ಹೋಟೆಲೊಂದರಲ್ಲಿ ಅನ್ನ ಸಾರು ಉಂಡು ಮನೆಗೆ ಮರಳುತ್ತೇವೆ. ಆ ಬೀದಿಯ ಬೆನ್ನಿಗೇ ಇರುವ ತುವಾಂಕು ಅಬ್ದುಲ್ ರಹಮಾನ್ ರಸ್ತೆಯ ಆಸುಪಾಸಿನ ಮಾಲ್‌ಗಳಲ್ಲಿ ಮಧ್ಯಾಹ್ನದ ಹೊತ್ತು ಮಲಯ್ ಕುಟುಂಬಗಳು ಏನು ಉಣ್ಣುತ್ತವೆ ಎಂಬುದನ್ನು ನಾನು ಈ ಊರಿಗೆ ಬಂದ 14 ವರ್ಷಗಳಲ್ಲಿ ಒಮ್ಮೆಯೂ ಇಣುಕಿ ನೋಡಿರಲಿಲ್ಲ. ಕಳೆದ ತಿಂಗಳು ನೋಡಿದೆ. ಈ ಸಂಚಿಕೆಯ ಸಂಪಾದಕೀಯಕ್ಕೆ ಅದೇ ವಿಷಯ.

ಇದಕ್ಕೆ ಕಾರಣರಾದವರು ನಮ್ಮ ಕನ್ನಡ ಸಂಘದ ಖಜಾಂಚಿಗಳು. ವಾರ್ಷಿಕೋತ್ಸವದ ವೇದಿಕೆಗೆ ಪರದೆಯ ಬಟ್ಟೆ ಕೊಳ್ಳಲು ಒಂದು ಶನಿವಾರ ನಾವಿಬ್ಬರೂ ಹೊರಟಾಗ, ಸಾಗರದಿಂದ ಬಂದು ನಮ್ಮ ಮನೆಯಲ್ಲಿ ಉಳಿದಿದ್ದ ಅತ್ತಿಗೆಯವರೂ ಜೊತೆಗೂಡಿದರು. ಬಟ್ಟೆಯ ಅಂಗಡಿಯಿದ್ದ ಹಳೆಯ ಮಾಲ್‌ನ ಮೂರನೆಯ ಮಹಡಿಯಲ್ಲಿ, ಲಿಫ್ಟಿನ ಎದುರಿಗೇ, ಮಧ್ಯಾಹ್ನ 12ರಿಂದ 3ರವರೆಗೆ ಬಫೆ ಊಟ, ತಲೆಗೆ 22 ರಿಂಗಿಟ್ ಎಂಬ ಫಲಕವಿತ್ತು. ರಂಜಾನ್ ತಿಂಗಳಲ್ಲಿ ಇದೇ ನಗರದ ದೊಡ್ಡ ಹೋಟೆಲುಗಳು ಸಂಜೆಯ ಬಫೆಗೆ 100 ರಿಂಗಿಟ್‌ಗೂ ಮೀರಿ ದರ ಹಾಕುವುದನ್ನು ಬಲ್ಲ ಖಜಾಂಚಿಗಳು, ಲೆಕ್ಕಪತ್ರ ನೋಡುವ ಗಾಂಭೀರ್ಯದಿಂದಲೇ ಆ ಫಲಕವನ್ನು ಎರಡು ಸಲ ಓದಿದರು. ಮೂಲ್ಕಿಯ ಕಡೆಯವರಾದ ಅವರಿಗೆ ಮೀನೂ ಸೈ, ಕೋಳಿಯೂ ಸೈ. ಅಂಜಿಕೆಯಿದ್ದದ್ದು ಸಸ್ಯಾಹಾರಿಗಳಾದ ನಮ್ಮಿಬ್ಬರಿಗೆ ಮಾತ್ರ. "ನನಗೆ ಮೊಸರನ್ನ ಸಿಕ್ಕಿದರೂ ಸಾಕು ಮಾರಾಯ್ರೆ, ನಡೆಯಿರಿ" ಎಂದು ಅತ್ತಿಗೆಯವರೇ ಮುಂದಾದರು. ಒಳಗೆ ಮೊಸರು ಇರಲಿಲ್ಲ. ಮಲಯ್ ಅಡುಗೆಯಲ್ಲಿ ಮೊಸರು ಮಜ್ಜಿಗೆಗಳಿಗೆ ಅಷ್ಟಾಗಿ ಸ್ಥಾನವಿಲ್ಲ, ಹೆಚ್ಚಾಗಿ ತೆಂಗಿನ ಹಾಲೇ ಆ ಕೆಲಸವನ್ನು ಮಾಡುತ್ತದೆ ಎಂಬ ಮೊದಲ ಪಾಠ ಹೀಗೆ ಬಾಗಿಲಲ್ಲೇ ಆಯಿತು.

ಈ ಊರಿನ ಸಾಮಾನ್ಯ ಮಲಯ್ ಅಂಗಡಿಯಲ್ಲಿ ಮಧ್ಯಾಹ್ನ ಸಿಗುವುದು ‘ನಾಸಿ ಚಾಂಪುರ್’, ಅಂದರೆ ಅನ್ನದ ಜೊತೆ ಬೇಕುಬೇಕಾದ ಪದಾರ್ಥಗಳನ್ನು ಬಡಿಸಿಕೊಳ್ಳುವ ಊಟ. ಅಲ್ಲಿ ನಾವು ತಟ್ಟೆ ತುಂಬಿಕೊಂಡ ಮೇಲೆ ಅಂಗಡಿಯವರು ತಟ್ಟೆಯನ್ನೊಮ್ಮೆ ನೋಡಿ ಅಂದಾಜಿನಲ್ಲಿ ಬೆಲೆ ಹೇಳುತ್ತಾರೆ. ರೂಢಿಯಾದವರಿಗೆ ಅದು ಸಲೀಸು, ಹೊಸಬರಿಗೆ ಯಾವ ಚಮಚಕ್ಕೆ ಎಷ್ಟು ಬಿದ್ದೀತೋ ಎಂಬ ಅಳುಕು. ಒಂದೇ ದರದ ಬಫೆಯಲ್ಲಿ ಈ ಅಳುಕಿಲ್ಲ. ಇಷ್ಟವಾಗದಿದ್ದರೆ ಬಿಡಬಹುದಾದಷ್ಟು, ಅಂದರೆ ಅರ್ಧ ಚಮಚದಷ್ಟೇ ಹಾಕಿಕೊಂಡು ಪ್ರತಿಯೊಂದನ್ನೂ ಪರೀಕ್ಷಿಸಬಹುದು. ಕೆಳಗೆ ಬಿಸಿನೀರಿಟ್ಟ ಉಕ್ಕಿನ ತಟ್ಟೆಗಳು ಎರಡು ಸಾಲಿನಲ್ಲಿ ಮೂವತ್ತರಷ್ಟಿದ್ದವು. ಮಲಯ್ ಊಟವನ್ನು ಮೊದಲ ಸಲ ನೋಡುವವರಿಗೆ ಮಾಲ್‌ನ ಇಂತಹ ಅಗ್ಗದ ಬಫೆಯೇ ಸರಿಯಾದ ಜಾಗ ಎಂಬುದು ನನ್ನ ಅಭಿಪ್ರಾಯ. ಅಲ್ಲಿನ ಅಡುಗೆಯೇ ಅತ್ಯುತ್ತಮ ಎಂಬ ಅರ್ಥದಲ್ಲಿ ಅಲ್ಲ.

ಸಸ್ಯಾಹಾರಿಗೆ ಕಷ್ಟವಿರುವುದು ಕಣ್ಣಿಗೆ ಕಾಣುವ ಮಾಂಸದಲ್ಲಲ್ಲ, ಕಾಣದ ಬೆಲಾಚಾನ್‌ನಲ್ಲಿ. ಸಣ್ಣ ಸೀಗಡಿಯನ್ನು ಉಪ್ಪು ಬೆರೆಸಿ, ಒಣಗಿಸಿ, ಕುಟ್ಟಿ, ಹುದುಗು ಬರಿಸಿ ಮಾಡುವ ಈ ಕಂದು ಮುದ್ದೆ ನಮ್ಮ ಅಡುಗೆಯ ಇಂಗಿನ ಹಾಗೆ ಎಲ್ಲೆಲ್ಲೂ ಸೇರಿಕೊಳ್ಳುತ್ತದೆ. ‘ಸಾಯುರ್’ ಎಂದರೆ ತರಕಾರಿ ಎಂದಷ್ಟೇ ಅರ್ಥ. ತರಕಾರಿಯ ಪಲ್ಯದಲ್ಲಿ ಒಣ ಸೀಗಡಿಯಾಗಲಿ ಸಣ್ಣ ಒಣಮೀನಾಗಲಿ ಇರಬಾರದೆಂಬ ನಿಯಮವೇನೂ ಇಲ್ಲ. ನಾನು ಹೆಸರಿನ ಚೀಟಿಗಳನ್ನು ಓದುತ್ತಾ ಪ್ರತಿಯೊಂದರ ಮುಂದೆಯೂ ತಡವರಿಸುತ್ತಿರುವುದನ್ನು ಕಂಡು, ಸೌಟು ಹಿಡಿದು ನಿಂತಿದ್ದ ಹೆಂಗಸೊಬ್ಬರು ಏನು ಬೇಕೆಂದು ವಿಚಾರಿಸಿದರು. ಇಲ್ಲಿ ಅಪರಿಚಿತ ಹೆಂಗಸರನ್ನು ‘ಕಾಕ್’ ಎಂದು, ಅಂದರೆ ಅಕ್ಕ ಎಂದು ಕರೆಯುವುದು ರೂಢಿ. "ಕಾಕ್, ಆದಾ ಬೆಲಾಚಾನ್?" ಎಂದು, ಅಂದರೆ ಅಕ್ಕ, ಬೆಲಾಚಾನ್ ಇದೆಯೇ ಎಂದು, ನನ್ನ ಹರಕು ಮಲಯ್ ಭಾಷೆಯಲ್ಲಿ ಕೇಳಿದೆ. ಆಕೆ ನಗಲಿಲ್ಲ, ಮುಖ ಸಿಂಡರಿಸಲೂ ಇಲ್ಲ. ಸೌಟು ಕೆಳಗಿಟ್ಟು ಒಳಗೆ ಹೋಗಿ ಅಡುಗೆಯವರನ್ನೇ ಕರೆತಂದರು. ಇಬ್ಬರೂ ನಮ್ಮ ಜೊತೆ ಸಾಲಿನುದ್ದಕ್ಕೂ ನಡೆದು ಇದರಲ್ಲಿ ಉಂಟು, ಇದರಲ್ಲಿ ಇಲ್ಲ ಎಂದು ಬೆರಳು ಮಾಡಿ ತೋರಿಸಿದರು. ತೆಂಗಿನ ಹಾಲಿನ ತರಕಾರಿ ಲೋಡೆಯಲ್ಲಿ ಒಣ ಸೀಗಡಿಯಿತ್ತು, ಕಾಂಗ್ಕುಂಗ್ ಸೊಪ್ಪಿನಲ್ಲಿ ಬೆಲಾಚಾನ್ ಇತ್ತು, ಹಳದಿ ಎಲೆಕೋಸಿನಲ್ಲಿ ಒಣಮೀನಿತ್ತು. ಕರಿದ ಟೆಂಪೆ (ಹುದುಗು ಬರಿಸಿದ ಸೋಯಾ ಕಾಳಿನ ಬಿಲ್ಲೆ), ತೋಫು, ಬದನೆ, ಅನಾನಸಿನ ಪಾಜೆರಿ, ಸೌತೆ ಕ್ಯಾರೆಟ್ಟಿನ ಆಚಾರ್, ಹಸಿ ಸೊಪ್ಪುಗಳು, ಇವಿಷ್ಟೂ ನಿರಾತಂಕ.

ಆಮೇಲೆ ಯೋಚಿಸಿದಾಗ ಇದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲವೆನಿಸಿತು. ಹೊರದೇಶಕ್ಕೆ ಹೋದಾಗ ಒಂದು ಬಿಸ್ಕತ್ತಿನ ಪೊಟ್ಟಣವನ್ನೂ ತಿರುಗಿಸಿ ಹಲಾಲ್ ಗುರುತಿದೆಯೇ ಎಂದು ನೋಡುವವರು, ಜೆಲಾಟಿನ್ ಯಾವ ಪ್ರಾಣಿಯದೆಂದು ವಿಚಾರಿಸದೆ ಸಿಹಿಯನ್ನು ಬಾಯಿಗಿಡದವರು ಈ ಮಲಯ್ ಮುಸ್ಲಿಮರು. ಊಟದಲ್ಲಿ ಏನು ಸೇರಿದೆ ಎಂಬ ಪ್ರಶ್ನೆಯನ್ನು ಅವಮಾನವೆಂದು ಎಣಿಸದಿರುವ ಜನ ಯಾರಾದರೂ ಇದ್ದರೆ ಅದು ಅವರೇ. ಆ ಪ್ರಶ್ನೆಯನ್ನು ಕೇಳಲು ಸಂಕೋಚಪಟ್ಟವರು ನಾವು.

ನಮ್ಮ ಅತ್ತಿಗೆಯವರಂತೂ ಹಸಿ ಸೊಪ್ಪಿನ ತಟ್ಟೆಯ ಮುಂದೆ ನಿಂತವರು ಅಲ್ಲಿಂದ ಕದಲಲೇ ಇಲ್ಲ. ‘ಉಲಾಂ’ ಎಂದು ಕರೆಯಲಾಗುವ ಈ ಸೊಪ್ಪುಗಳನ್ನು ಮಲಯ್ ಜನ ಬೇಯಿಸದೆಯೇ ಸಾಂಬಾಲ್ ಎಂಬ ಖಾರದ ಚಟ್ನಿಯಲ್ಲಿ ಅದ್ದಿ ಅನ್ನದೊಂದಿಗೆ ತಿನ್ನುತ್ತಾರೆ. ಉಲಾಂ ರಾಜಾ ಎಂಬ ಘಮಘಮಿಸುವ ಸೊಪ್ಪು, ನಾಲ್ಕು ಮೂಲೆಗೂ ಜಾಲರಿ ಹೊಲಿದಂತಿರುವ ಒಂದು ಬಗೆಯ ಕಾಯಿ, ಎಳೆಯ ಗೇರುಚಿಗುರು, ಇವುಗಳ ನಡುವೆ ಪೆಗಾಗಾ ಎಂಬ ಚೀಟಿಯ ಹಿಂದೆ ದುಂಡನೆಯ ಎಲೆಗಳ ಒಂದು ರಾಶಿಯಿತ್ತು. "ಇದು ಒಂದೆಲಗ ಅಲ್ಲವೇನ್ರೀ!" ಎಂದು ಅವರು ಕೂಗಿದ ದನಿಗೆ ಪಕ್ಕದ ಮೇಜಿನವರು ತಿರುಗಿ ನೋಡಿದರು. ಒಂದೆಲಗವೇ ಹೌದು. ಮಲೆನಾಡಿನಲ್ಲಿ ತೋಟದ ಬದಿಯಿಂದ ಕಿತ್ತು ತಂಬುಳಿ ಮಾಡುವ ಸೊಪ್ಪು ಇಲ್ಲಿ ಮಾಲ್‌ನ ಮೂರನೆಯ ಮಹಡಿಯಲ್ಲಿ ಮಂಜುಗಡ್ಡೆಯ ಮೇಲೆ ಕುಳಿತಿತ್ತು. ಸಾಂಬಾಲಿನಲ್ಲಿ ಬೆಲಾಚಾನ್ ಇದ್ದುದರಿಂದ ನಮಗೆ ಸಿಹಿ ಸೋಯಾ ರಸಕ್ಕೆ ಹಸಿಮೆಣಸು ಹೆಚ್ಚಿ ಹಾಕಿದ ಬಟ್ಟಲೊಂದು ಪ್ರತ್ಯೇಕವಾಗಿ ಬಂತು.

ಪಾಜೆರಿಯ ವಿಷಯದಲ್ಲಿ ಒಂದು ಸಣ್ಣ ವಾಗ್ವಾದವೇ ನಡೆಯಿತು. ಅನಾನಸಿನ ಹೋಳುಗಳನ್ನು ಮಸಾಲೆ, ಬೆಲ್ಲ ಮತ್ತು ಹುರಿದು ಕುಟ್ಟಿದ ತೆಂಗಿನ ತುರಿಯಲ್ಲಿ ಬೇಯಿಸಿದ ಆ ಪದಾರ್ಥವನ್ನು ಖಜಾಂಚಿಗಳು ಮೆಣಸ್ಕಾಯಿ ಎಂದರು, ಅತ್ತಿಗೆಯವರು ಗೊಜ್ಜು ಎಂದರು. ಹೆಸರಿನಲ್ಲೇ ಪಚಡಿಯ ಧ್ವನಿಯಿರುವುದರಿಂದ ನಮ್ಮ ಕಡೆಯಿಂದಲೇ ಹಡಗು ಹತ್ತಿ ಬಂದಿರಬೇಕೆಂದು ನಾನು ತೀರ್ಪು ಕೊಟ್ಟದ್ದು ಇಬ್ಬರಿಗೂ ಒಪ್ಪಿಗೆಯಾಗಲಿಲ್ಲ. ಇಂತಹ ಪದಗಳು ಮಲಯ್ ಅಡುಗೆಮನೆಯಲ್ಲಿ ಕಾಲಿಗೆ ತೊಡರುವಷ್ಟಿವೆ. ಸಕ್ಕರೆಗೆ ‘ಗುಲಾ’ ಎನ್ನುತ್ತಾರೆ, ಅದು ಸಂಸ್ಕೃತದ ಗುಡ. ರುಚಿಗೆ ‘ರಾಸಾ’ ಎನ್ನುತ್ತಾರೆ, ಅದು ರಸ. ‘ಕೆತುಂಬಾರ್’ ಎಂದರೆ ಕೊತ್ತಂಬರಿ, ಇವೆರಡೂ ಒಂದೇ ಬಳಗದ ಪದಗಳೆಂದು ಹೇಳಲು ಪಂಡಿತರೇ ಬೇಕೆಂದಿಲ್ಲ.

ಮಾಂಸದ ಸಾಲಿನ ವರದಿಯನ್ನು ಖಜಾಂಚಿಗಳ ಬಾಯಿಂದ ಕೇಳಿ ಬರೆಯುತ್ತಿದ್ದೇನೆ. ಅವರ ಮೆಚ್ಚುಗೆಗೆ ಮೊದಲು ಪಾತ್ರವಾದದ್ದು ಮೀನಿನ ಆಸಾಂ ಪೆಡಾಸ್ ಎಂಬ ಹುಳಿಖಾರದ ಸಾರು. ಇದರ ಹುಳಿಗೆ ಹುಣಿಸೆಯ ಜೊತೆಗೆ ‘ಆಸಾಂ ಕೆಪಿಂಗ್’ ಎಂಬ ಒಣಗಿಸಿದ ಹಣ್ಣಿನ ಬಿಲ್ಲೆಗಳನ್ನೂ ಹಾಕುವುದುಂಟು. ಅದು ನಮ್ಮ ಉತ್ತರ ಕನ್ನಡದ ಉಪ್ಪಾಗೆ ಮತ್ತು ಮುರುಗಲಿನ ಕುಲಕ್ಕೇ ಸೇರಿದ ಗಿಡದ್ದು. ಕೋಳಿ ರೆಂಡಾಂಗಿನಲ್ಲಿ ಅವರಿಗೆ ಸುಕ್ಕದ ನೆನಪಾಯಿತಂತೆ. ರೆಂಡಾಂಗ್ ಮೂಲತಃ ಸುಮಾತ್ರಾದ ಮಿನಾಂಗ್‌ಕಬಾವ್ ಜನರ ಅಡುಗೆ. ಮಾಂಸವನ್ನು ಮಜ್ಜಿಗೆಹುಲ್ಲು, ಅರಿಸಿನದ ಎಲೆ, ಮೆಣಸಿನಕಾಯಿಗಳೊಂದಿಗೆ ತೆಂಗಿನ ಹಾಲಿನಲ್ಲಿ ಗಂಟೆಗಟ್ಟಲೆ ಕುದಿಸುತ್ತಾ ಹೋದರೆ ಹಾಲು ಬತ್ತಿ ಎಣ್ಣೆ ಬಿಡುತ್ತದೆ, ಆಮೇಲೆ ಅದೇ ಎಣ್ಣೆಯಲ್ಲಿ ಮಾಂಸ ಹುರಿದುಕೊಳ್ಳುತ್ತದೆ. ನೀರಿನಂಶ ಹೋದುದರಿಂದ ಬೇಗ ಕೆಡುವುದಿಲ್ಲ. ಊರು ಬಿಟ್ಟು ಪರಸ್ಥಳಕ್ಕೆ ದುಡಿಯಲು ಹೋಗುವುದನ್ನು ಸಂಪ್ರದಾಯವನ್ನಾಗಿಯೇ ಮಾಡಿಕೊಂಡ ಆ ಜನಕ್ಕೆ ತಕ್ಕ ಬುತ್ತಿ ಅದು. ಪರದೇಶದ ಸಂಘವೊಂದರ ಸುದ್ದಿಪತ್ರದಲ್ಲಿ ಈ ವಿವರಕ್ಕೆ ಎರಡು ಸಾಲು ಹೆಚ್ಚು ಕೊಟ್ಟರೆ ಓದುಗರು ಮನ್ನಿಸಬೇಕು.

ಬಫೆಯ ಗುಟ್ಟೂ ಇಲ್ಲೇ ಇದೆ. ರೆಂಡಾಂಗ್, ತೆಂಗಿನ ಹಾಲಿನ ಸಾರಾದ ಗುಲಾಯ್, ಪಾಜೆರಿಗಳಂತಹ ಅಡುಗೆಗಳು ಮಾಡಿಟ್ಟು ಮೂರು ಗಂಟೆಯಾದರೂ ಸೊರಗುವುದಿಲ್ಲ, ಕೆಲವಂತೂ ಮಾಗುತ್ತವೆ. ಕರಿದದ್ದು, ಹುರಿದದ್ದು, ನೂಡಲ್ಸು ಮಾತ್ರ ಹಬೆಯಲ್ಲಿ ಅರ್ಧ ಗಂಟೆ ಕುಳಿತರೆ ಮೆತ್ತಗಾಗಿ ರಬ್ಬರಿನಂತಾಗುತ್ತವೆ. ನಾವು ತಿಂದ ಟೆಂಪೆ ಮೊದಲ ಸುತ್ತಿನಲ್ಲಿ ಗರಿಗರಿಯಾಗಿತ್ತು, ಎರಡನೆಯ ಸುತ್ತಿಗೆ ಒದ್ದೆ ರಟ್ಟಿನಂತಿತ್ತು. ಆದ್ದರಿಂದ ಹೋಗುವವರು 12ಕ್ಕೇ ಹೋಗುವುದು ಲೇಸು. ಶುಕ್ರವಾರ ಬೇಡ, ಅಂದು ಪ್ರಾರ್ಥನೆಯ ಸಲುವಾಗಿ ಸರ್ಕಾರಿ ಕಚೇರಿಗಳಿಗೆ 12:15ರಿಂದ 2:45ರವರೆಗೆ ಬಿಡುವಿರುವುದರಿಂದ ಕಾಲಿಡಲೂ ಜಾಗ ಸಿಗುವುದು ಕಷ್ಟ. 22 ರಿಂಗಿಟ್‌ಗೆ ಇವರಿಗೆ ಹೇಗೆ ಗಿಟ್ಟುತ್ತದೆ ಎಂಬ ಖಜಾಂಚಿಗಳ ಚಿಂತೆಗೂ ಸಾಲನ್ನು ನೋಡಿದಾಗಲೇ ಉತ್ತರ ಸಿಕ್ಕಿತು. ಅನ್ನ, ಮೊಟ್ಟೆ, ತೋಫು, ಸೊಪ್ಪುಗಳು ಮೊದಲು ಬರುತ್ತವೆ, ದನದ ಮಾಂಸದ ತಟ್ಟೆ ಕಟ್ಟಕಡೆಗೆ ಬರುತ್ತದೆ, ಅದರ ಮುಂದೆ ಸೌಟು ಹಿಡಿದು ಒಬ್ಬರು ನಿಂತಿರುತ್ತಾರೆ. ನಮ್ಮ ಮದುವೆಮನೆಗಳಲ್ಲಿ ಹೋಳಿಗೆಗೆ ಬಡಿಸುವವರನ್ನು ಬೇರೆಯೇ ನೇಮಿಸುವುದು ನೆನಪಾಯಿತು.

ಕೊನೆಯಲ್ಲಿ ಸಿಹಿ. ಇಲ್ಲಿಯವರು ‘ಕುಯಿ’ ಎನ್ನುವ ತಿಂಡಿಗಳಲ್ಲಿ ಒಂಡೆ ಒಂಡೆ ಎಂಬುದನ್ನು ಯಾರೂ ಬಿಡಬಾರದು. ಅಂಟಕ್ಕಿಯ ಹಿಟ್ಟನ್ನು, ನಮ್ಮ ಕೇದಗೆಯ ಬಳಗದ್ದೇ ಆದ ಪಾಂಡಾನ್ ಎಲೆಯ ರಸದಲ್ಲಿ ಹಸಿರಾಗಿ ಕಲಸಿ, ಒಳಗೆ ಗುಲಾ ಮೆಲಾಕಾ ಎಂಬ ತೆಂಗಿನ ಮರದ ಬೆಲ್ಲವನ್ನಿಟ್ಟು ಉಂಡೆ ಕಟ್ಟಿ, ಕುದಿವ ನೀರಿನಲ್ಲಿ ಬೇಯಿಸಿ ಕಾಯಿತುರಿಯಲ್ಲಿ ಹೊರಳಿಸುತ್ತಾರೆ. ಬಾಯಲ್ಲಿ ಇಡಿಯಾಗಿ ಹಾಕಿಕೊಳ್ಳಬೇಕು. ಕಚ್ಚಿ ತಿನ್ನಲು ಹೋದ ನನ್ನ ಅಂಗಿಯ ಮೇಲೆ ಕರಗಿದ ಬೆಲ್ಲ ಚಿಮ್ಮಿತು. ಹೆಸರುಕಾಳಿನ ಬುಬುರ್ ನಮ್ಮ ಹೆಸರುಬೇಳೆ ಪಾಯಸದ ಒಡಹುಟ್ಟು, ಬೇಳೆಯ ಬದಲು ಇಡೀ ಕಾಳು. ಮೂವರಿಗೆ 66 ರಿಂಗಿಟ್ ಆಯಿತು. ಅಭ್ಯಾಸಬಲದಿಂದ ಖಜಾಂಚಿಗಳು ರಸೀದಿಯನ್ನು ಸಂಘದ ಕಡತಕ್ಕೆ ಸೇರಿಸಿದ್ದರು. ಅದನ್ನು ಹಿಂಪಡೆಯಲಾಗಿದೆ, ಸದಸ್ಯರು ಗಾಬರಿಯಾಗಬೇಕಾಗಿಲ್ಲ.

ಇಷ್ಟನ್ನು ಬರೆಯುವಾಗ ಮನಸ್ಸಿಗೆ ಚುಚ್ಚುತ್ತಿರುವ ಸಂಗತಿಯೊಂದಿದೆ. ನಮ್ಮ ನೆರೆಮನೆಯ ಮಲಯ್ ದಂಪತಿ ಪ್ರತಿವರ್ಷ ಹರಿ ರಾಯದಂದು, ಅಂದರೆ ರಂಜಾನ್ ಹಬ್ಬದಂದು, ‘ರುಮಾ ತೆರ್ಬುಕಾ’ಕ್ಕೆ, ಅಂದರೆ ಬಾಗಿಲು ತೆರೆದಿಟ್ಟ ಮನೆಗೆ, ನಮ್ಮನ್ನು ಕರೆಯುತ್ತಾರೆ. ದೀಪಾವಳಿಗೆ ಅವರು ನಮ್ಮಲ್ಲಿಗೆ ಬಂದು ಕಾಯಿ ಹೋಳಿಗೆಯನ್ನು ಎರಡೆರಡು ಸಲ ಹಾಕಿಸಿಕೊಂಡು ತಿನ್ನುತ್ತಾರೆ. ನಾವು ಮಾತ್ರ ಅವರ ಮೇಜಿನ ಮುಂದೆ ಗುಲಾಬಿ ಬಣ್ಣದ ಶರಬತ್ತು ಕುಡಿದು, ಡಬ್ಬಿಯ ಬಿಸ್ಕತ್ತು ತಿಂದು, ಹೊಟ್ಟೆ ತುಂಬಿದೆ ಎಂದು ಸುಳ್ಳು ಹೇಳಿ ಎದ್ದುಬರುತ್ತೇವೆ. ತೆಂಗಿನ ಗರಿಯ ಹೆಣಿಗೆಯಲ್ಲಿ ಬೇಯಿಸಿದ ಕೆತುಪಾಟ್ ಎಂದರೆ ಬರಿಯ ಅನ್ನವೇ ಎಂಬುದನ್ನೂ ನಾನು ವಿಚಾರಿಸಿರಲಿಲ್ಲ. ಹೋದ ವರ್ಷ ಆ ಮನೆಯಾಕೆ ನಮಗೆಂದೇ ಒಂದು ತಟ್ಟೆ ಬಾಳೆಹಣ್ಣು ಬೇರೆಯಾಗಿ ತೆಗೆದಿಟ್ಟಿದ್ದರು. ಮಾಲ್‌ನಲ್ಲಿ ಅಪರಿಚಿತರೊಬ್ಬರ ಬಳಿ ಅರ್ಧ ನಿಮಿಷದಲ್ಲಿ ಕೇಳಿದ ಮೂರು ಪದಗಳನ್ನು ಅವರ ಬಳಿ ಇಷ್ಟು ವರ್ಷಗಳಲ್ಲಿ ಕೇಳಿರಲಿಲ್ಲ.

ಊಟದ ಮರುದಿನ ಅತ್ತಿಗೆಯವರು ಚೌ ಕಿಟ್ ಮಾರುಕಟ್ಟೆಯಿಂದ ಎರಡು ಕಟ್ಟು ಪೆಗಾಗಾ ತರಿಸಿ, ಕಾಯಿ, ಜೀರಿಗೆ, ಮಜ್ಜಿಗೆ ಹಾಕಿ ತಂಬುಳಿ ಮಾಡಿದರು. ಪೆಗಾಗಾವನ್ನು ಅರೆದು ಮಜ್ಜಿಗೆಯಲ್ಲಿ ಕದಡುವುದನ್ನು ಕಂಡು ಕೇಳಿ ಅರಿಯದ ನೆರೆಮನೆಗೆ ಒಂದು ಡಬ್ಬಿ ಹೋಯಿತು. ಒಳಗೆ ಏನೇನಿದೆ ಎಂದು ಆಕೆ ಬಾಗಿಲಲ್ಲೇ ನಿಂತು ಒಂದೊಂದಾಗಿ ಕೇಳಿ ತಿಳಿದುಕೊಂಡರು. ಡಬ್ಬಿ ಇನ್ನೂ ಮರಳಿಲ್ಲ. ಖಾಲಿ ಪಾತ್ರೆಯನ್ನು ಹಿಂದಿರುಗಿಸುವ ರೂಢಿ ಆ ಮನೆಯಲ್ಲೂ ಇಲ್ಲ.