ಹೊಸದಾಗಿ ಗಿಟಾರ್ ಹಿಡಿದವರಿಗೆ

ಎಲ್ಲರಿಗೂ ನಮಸ್ಕಾರ. ಹೊಸಬರು ಈ ವಾರ ಇ ಮೈನರ್ ಕಾರ್ಡ್‌ನಿಂದ (ಕಾರ್ಡ್ ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಶುರು ಮಾಡಿ. ಮೊದಲು ಶ್ರುತಿ ನೋಡಿಕೊಳ್ಳಿ: ದಪ್ಪ ತಂತಿಯಿಂದ ಇ, ಎ, ಡಿ, ಜಿ, ಬಿ, ಇ. ಫೋನಿನ ಟ್ಯೂನರ್ ಆ್ಯಪ್ ಸಾಕು.

5 ಮತ್ತು 4ನೇ ತಂತಿಗಳನ್ನು (ಅತಿ ತೆಳು ತಂತಿ 1ನೆಯದು, ದಪ್ಪದ್ದು 6ನೆಯದು) 2ನೇ ಫ್ರೆಟ್‌ನಲ್ಲಿ, ಅಂದರೆ ಗಿಟಾರ್ ಕತ್ತಿನ ಕಂಬಿಗಳ ನಡುವಿನ 2ನೇ ಜಾಗದಲ್ಲಿ, ಒತ್ತಿ. ಬೆರಳು ಫ್ರೆಟ್ ಕಂಬಿಗೆ ಹತ್ತಿರ, ಅದರ ಹಿಂದೆಯೇ ಇರಲಿ. ಆಗ ಜಾಸ್ತಿ ಒತ್ತಬೇಕಿಲ್ಲ. ಒಂದೊಂದೇ ತಂತಿ ಮೀಟಿ ನೋಡಿ. ಯಾವುದಾದರೂ ಮಂಕಾಗಿ ಕೇಳಿಸಿದರೆ ಪಕ್ಕದ ಬೆರಳು ತಾಗುತ್ತಿದೆಯಾ ಗಮನಿಸಿ. ಇದು ಸರಿಯಾಗಿ ಬಂದ ಮೇಲೆ ತೋರುಬೆರಳನ್ನು 3ನೇ ತಂತಿಯ 1ನೇ ಫ್ರೆಟ್‌ನಲ್ಲಿಡಿ, ಇ ಮೇಜರ್ ಆಯ್ತು!

ಬೆರಳ ತುದಿ ಉರಿಯುವುದು ಸಹಜ, ದಿನ ಕಳೆದಂತೆ ಗಟ್ಟಿಯಾಗುತ್ತದೆ. ತುಂಬಾ ನೋವಾದರೆ ಅವತ್ತಿಗೆ ನಿಲ್ಲಿಸಿ. ಒಂದೇ ಬೆರಳನ್ನು ಅಡ್ಡ ಇಟ್ಟು ಹಲವು ತಂತಿ ಒತ್ತುವ ಎಫ್ ಬ್ಯಾರೆ ಕಾರ್ಡ್ ಈಗಲೇ ಬೇಡ, ದಯವಿಟ್ಟು.

ಭಾನುವಾರ ಸಂಜೆಯೊಳಗೆ ನುಡಿಸಿದ್ದನ್ನು ಇಲ್ಲೇ ವಾಯ್ಸ್ ಮೆಸೇಜ್ ಹಾಕಿ. ಎಲ್ಲರದ್ದೂ ಕೇಳುತ್ತೇನೆ.